ಹೆಸರು ಬೇರೆ, ಔಷಧಿ ಒಂದೇ

ಬಸವಕಲ್ಯಾಣವಾಗಲಿ ಹುಮನಾಬಾದವಾಗಲಿ, ತಲೆನೋವು, ಮೈಕೈ ನೋವಿಗೆ ಡಾಕ್ಟರ್ ಹತ್ತಿರ ಹೋಗುವವರು ಕಡಿಮೆ. ಮೆಡಿಕಲ್‌ನಲ್ಲಿ ಗುಳಿಗೆ ತಂದು ನುಂಗುತ್ತೇವೆ. ನಮ್ಮ ಮನೆಯಲ್ಲಿ ಅವೆಲ್ಲಕ್ಕೂ ಒಂದೇ ಹೆಸರು: ‘ದರ್ದ್ ಕೀ ಗೋಲಿ’. ಆದರೆ ಒಳಗಿರುವ ಔಷಧಿ ಯಾವುದು, ಅದು ಬೇರೆ ಗುಳಿಗೆಯ ಜೊತೆ ಸೇರಿದರೆ ಏನಾಗುತ್ತದೆ ಎಂಬುದನ್ನು ನಾವು ತಿಳಿದಿರಬೇಕು.

ನಾನು ಕಾಮರ್ಸ್ ವಿದ್ಯಾರ್ಥಿ. ಒಂದೇ ಖರ್ಚನ್ನು ಎರಡು ಹೆಸರಿನಲ್ಲಿ ಬರೆದರೆ ಲೆಕ್ಕ ತಪ್ಪುತ್ತದೆ. ಗುಳಿಗೆಯಲ್ಲೂ ಹಾಗೆಯೇ. ಡೋಲೋ 650ರಲ್ಲಿ 650 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದೆ. ಕಾಂಬಿಫ್ಲಾಮ್‌ನಲ್ಲಿ 400 ಮಿ.ಗ್ರಾಂ ಐಬುಪ್ರೊಫೇನ್ ಜೊತೆಗೆ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದೆ. ನೆಗಡಿಯ ಅನೇಕ ಗುಳಿಗೆಗಳಲ್ಲೂ ಅದು ಇರುತ್ತದೆ. ಜ್ವರಕ್ಕೊಂದು, ನೋವಿಗೊಂದು, ನೆಗಡಿಗೊಂದು ನುಂಗಿದರೆ ಒಂದೇ ಔಷಧಿಯನ್ನು ಮೂರು ಸಲ ತೆಗೆದುಕೊಂಡಂತೆ. ಆರೋಗ್ಯವಂತ ದೊಡ್ಡವರಿಗೂ 24 ಗಂಟೆಯಲ್ಲಿ 4000 ಮಿ.ಗ್ರಾಂ ಮೀರಬಾರದು. ಮೀರಿದರೆ ಲಿವರ್‌ಗೆ ಹಾನಿಯಾಗಬಹುದು. ಮೊದಲ ದಿನ ಏನೂ ಗೊತ್ತಾಗದೆಯೂ ಇರಬಹುದು.

ಹಿರಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ದಾದಿಗೆ ಬಿಪಿಯೂ ಇದೆ, ಮೊಣಕಾಲು ನೋವೂ ಇದೆ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥವು ದೇಹದಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡುತ್ತವೆ. ಆಗ ಬಿಪಿ ಗುಳಿಗೆಯ ಕೆಲಸ ಕುಗ್ಗುತ್ತದೆ, ಕಿಡ್ನಿಗೂ ಪೆಟ್ಟು ಬೀಳಬಹುದು.

ಹೃದಯದ ತೊಂದರೆ ಇರುವ ಕೆಲವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಡಾಕ್ಟರ್ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟಿರುತ್ತಾರೆ. ಐಬುಪ್ರೊಫೇನ್ ಮೊದಲೇ ಹೋದರೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಆಸ್ಪಿರಿನ್‌ನ ಜಾಗ ಹಿಡಿದುಬಿಡುತ್ತದೆ. ಆಸ್ಪಿರಿನ್ ಕೆಲಸ ಮಾಡದೆ ಹೊರಟುಹೋಗುತ್ತದೆ. ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯವೂ ಹೆಚ್ಚು. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಈ ಅಪಾಯ ಇನ್ನೂ ದೊಡ್ಡದು. ಹಾಗೆಂದು ಹೃದಯದ, ಬಿಪಿಯ ಗುಳಿಗೆಯನ್ನು ನಾವಾಗಿಯೇ ನಿಲ್ಲಿಸಬಾರದು.

ಮಾಡಬೇಕಾದದ್ದು ಇಷ್ಟೇ. ಸ್ಟ್ರಿಪ್‌ನ ಹಿಂದೆ ಬರೆದಿರುವ ಔಷಧಿಯ ಹೆಸರು, ಮಿ.ಗ್ರಾಂ ಓದಿ. ಮನೆಯ ಹಿರಿಯರ ಗುಳಿಗೆಗಳ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ನೋವಿನ ಗುಳಿಗೆ ಕೊಳ್ಳುವಾಗ ಫಾರ್ಮಾಸಿಸ್ಟ್‌ಗೆ ತೋರಿಸಿ, “ಇವುಗಳ ಜೊತೆ ಇದು ನಡೆಯುತ್ತದೆಯೇ?” ಎಂದು ಕೇಳಿ. ಮಲ ಕಪ್ಪಾದರೆ, ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಔಷಧಿಯ ಅಡ್ಡಪರಿಣಾಮ ತಿಳಿಸಲು ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024.

ಸ್ಟ್ರಿಪ್ ಮೇಲಿನ ಆ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವರು ಎಷ್ಟೋ ಮನೆಗಳಲ್ಲಿ ಕಾಲೇಜಿಗೆ ಹೋಗುವ ನಾವೇ. ಇಂದು ಸಂಜೆ ಮನೆಯ ಔಷಧಿ ಡಬ್ಬಿ ತೆರೆದು ಒಮ್ಮೆ ಓದಿ ನೋಡಿ.