ಭೇದಿಯ ವಿಷದಿಂದ ಬಂದ ಮಾತ್ರೆ

ಕುದಿಸಿದರೆ ಎಂಥ ವಿಷವೂ ಸತ್ವ ಕಳೆದುಕೊಳ್ಳುತ್ತದೆ ಎಂಬ ನಮ್ಮ ನಂಬಿಕೆಗೆ ಸೊಪ್ಪು ಹಾಕದ ವಿಷವೊಂದಿದೆ. ಈ. ಕೋಲಿ ಬ್ಯಾಕ್ಟೀರಿಯಾದ ಕೆಲವು ತಳಿಗಳು ಅದನ್ನು ತಯಾರಿಸುತ್ತವೆ. ಹದಿನೆಂಟೋ ಹತ್ತೊಂಬತ್ತೋ ಅಮೈನೊ ಆಮ್ಲಗಳ ಪುಟ್ಟ ಸರ ಅದು. ಮೂರು ಕಡೆ ಗಂಧಕದ ಬಂಧ ಬಿಗಿದಿರುವುದರಿಂದ 100 ಡಿಗ್ರಿ ಶಾಖಕ್ಕೂ ಜಗ್ಗುವುದಿಲ್ಲ. ಹಾಗಂತ ನೀರು ಕಾಯಿಸಿ ಕುಡಿಯುವುದನ್ನು ಯಾರೂ ಬಿಡಬೇಕಿಲ್ಲ. ಬ್ಯಾಕ್ಟೀರಿಯಾವೇ ಸತ್ತರೆ ಕರುಳಲ್ಲಿ ಬೀಡುಬಿಟ್ಟು ವಿಷ ಮಾಡುವವರು ಯಾರೂ ಇರುವುದಿಲ್ಲ. ಬಡ ದೇಶಗಳ ಎಳೆ ಮಕ್ಕಳ ಭೇದಿಗೂ ಪ್ರವಾಸಿಗರ ಹೊಟ್ಟೆ ಕೆಡುವುದಕ್ಕೂ ಈ ತಳಿಗಳು ಒಂದು ದೊಡ್ಡ ಕಾರಣ. ಈ ವಿಷದ ಬೆನ್ನು ಹತ್ತಿದವರು ಕೊನೆಗೆ ಹೋಗಿ ಮುಟ್ಟಿದ್ದು ತದ್ವಿರುದ್ಧವಾದ ಕಾಯಿಲೆಯ ಮದ್ದಿಗೆ, ವರ್ಷಗಟ್ಟಲೆ ಕಾಡುವ ಮಲಬದ್ಧತೆಯ ಮಾತ್ರೆಗೆ. ದಾರಿಯಲ್ಲಿ ಬೆಂಗಳೂರೂ ಸಿಕ್ಕಿತು.

ಹೊರಟದ್ದು ಕೋಲ್ಕತ್ತದಿಂದ. ಶಂಭುನಾಥ ಡೇ ಅಲ್ಲಿನ ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರಜ್ಞ. ಕಾಲರಾದಲ್ಲಿ ಅಷ್ಟೊಂದು ನೀರು ಕರುಳಿಗೆ ಬರುವುದೆಲ್ಲಿಂದ ಎಂಬುದು ಅವರ ತಲೆ ಕೊರೆಯುತ್ತಿದ್ದ ಪ್ರಶ್ನೆ. ಮೊಲದ ಸಣ್ಣ ಕರುಳಿನ ಒಂದು ತುಂಡಿಗೆ ಎರಡೂ ತುದಿಯಲ್ಲಿ ದಾರ ಕಟ್ಟಿ, ಒಳಗೆ ಬ್ಯಾಕ್ಟೀರಿಯಾ ಚುಚ್ಚಿ, ಹೊಟ್ಟೆ ಹೊಲಿದು, ಮರುದಿನ ಬಿಚ್ಚಿ ನೋಡುವ ವಿಧಾನವನ್ನು ಅವರು 1953ರಲ್ಲಿ ಪ್ರಕಟಿಸಿದರು. ಕಟ್ಟಿದ ತುಂಡು ನೀರು ತುಂಬಿ ಉಬ್ಬಿರುತ್ತಿತ್ತು. ಪಕ್ಕದಲ್ಲೇ ಕಟ್ಟಿ ಖಾಲಿ ಬಿಟ್ಟ ತುಂಡು ಚಪ್ಪಟೆಯಾಗಿರುತ್ತಿತ್ತು. 1956ರಲ್ಲಿ ಭೇದಿಯವರಿಂದ ತೆಗೆದ ಈ. ಕೋಲಿಯನ್ನೂ ಇದೇ ಪರೀಕ್ಷೆಗೆ ಒಡ್ಡಿದರು. ಕೆಲವು ತಳಿಗಳು ಕಾಲರಾದಂತೆಯೇ ಕರುಳನ್ನು ಉಬ್ಬಿಸಿದವು. 1959ರಲ್ಲಿ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ಬರೀ ದ್ರವವೇ ಕಾಲರಾದ ಕೆಲಸ ಮಾಡುತ್ತದೆಂದು ತೋರಿಸಿದರು. ಕೆಡುಕು ಮಾಡುವುದು ಜೀವಿಯಲ್ಲ, ಅದು ಬಿಟ್ಟ ವಿಷ ಎಂದಾಯಿತು. ಇಷ್ಟು ದೊಡ್ಡ ಕೆಲಸ ಮಾಡಿದ ಡೇ ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಈ. ಕೋಲಿ ಮಾಡುವುದು ಒಂದಲ್ಲ, ಎರಡು ಬಗೆಯ ವಿಷ ಎಂದು ಗೊತ್ತಾದದ್ದು ಹಂದಿಮರಿಗಳಿಂದ. ಬ್ರಿಟನ್ನಿನ ವಿಲಿಯಮ್ಸ್ ಸ್ಮಿತ್ ಮತ್ತು ಗೈಲ್ಸ್ 1970ರಲ್ಲಿ ಬರೆದರು: ಒಂದು ಕಾಯಿಸಿದರೆ ಕೆಡುತ್ತದೆ, ಇನ್ನೊಂದು ಕೆಡುವುದಿಲ್ಲ. ಕೆಡದಿರುವುದನ್ನು ಅಳೆಯಲು ಹಾಲು ಕುಡಿಯುವ ಇಲಿಮರಿಗಳು ಬೇಕಾದವು. ಮರಿಯ ಹೊಟ್ಟೆಗೆ ನೀಲಿ ಬಣ್ಣ ಬೆರೆಸಿದ ದ್ರವ ಹಾಕಿ, ಕೆಲವು ಗಂಟೆ ಬಿಟ್ಟು, ಕರುಳನ್ನೂ ಉಳಿದ ದೇಹವನ್ನೂ ಬೇರೆ ಬೇರೆ ತೂಗುವುದು. ದೇಹಕ್ಕೆ ಹೋಲಿಸಿದರೆ ಕರುಳು ಹೆಚ್ಚು ತೂಗಿದರೆ ವಿಷವಿದೆ ಎಂದರ್ಥ. ಎಳೆ ಕರುಳು ಈ ವಿಷಕ್ಕೆ ಎಷ್ಟು ಬೇಗ ತುತ್ತಾಗುತ್ತದೆ ಎಂಬುದು ತಕ್ಕಡಿಯಲ್ಲೇ ಕಂಡಿತ್ತು. ನಾಲ್ಕು ದಶಕದ ಬಳಿಕ ಔಷಧದ ಮಾಹಿತಿಪತ್ರದಲ್ಲಿ ಇದೇ ಎಚ್ಚರಿಕೆ ಅಚ್ಚಾಗಬೇಕಿತ್ತು.

1978ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದವು. ಒಂದು ಮೈಕೆಲ್ ಫೀಲ್ಡ್ ಅವರದು. ಇನ್ನೊಂದರಲ್ಲಿ ಫೆರಿಡ್ ಮುರಾದ್ ಇದ್ದರು, 20 ವರ್ಷದ ನಂತರ ಬೇರೊಂದು ಶೋಧಕ್ಕೆ ನೊಬೆಲ್ ಪಡೆದವರು. ವಿಷ ತಗುಲಿದ ಕೂಡಲೇ ಕರುಳ ಜೀವಕೋಶದಲ್ಲಿ ಸೈಕ್ಲಿಕ್ ಜಿಎಂಪಿ ಎಂಬ ಸಣ್ಣ ಅಣು ಏರುತ್ತದೆ. ಅದು ಏರಿದರೆ ಕೋಶ ಕ್ಲೋರೈಡನ್ನೂ ಬೈಕಾರ್ಬೊನೇಟನ್ನೂ ಕರುಳಿನೊಳಕ್ಕೆ ಬಿಡುತ್ತದೆ, ಸೋಡಿಯಂ ಹೀರುವುದನ್ನು ಕಡಿಮೆ ಮಾಡುತ್ತದೆ. ಉಪ್ಪು ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. 1990ರಲ್ಲಿ ಅಮೆರಿಕದ ಡೇವಿಡ್ ಗಾರ್ಬರ್ಸ್ ತಂಡ ಈ ವಿಷ ಬಂದು ಕೂರುವ ಗ್ರಾಹಿಯ ಜೀನನ್ನೇ ಹಿಡಿಯಿತು. ಗ್ವಾನಿಲಿಲ್ ಸೈಕ್ಲೇಸ್ ಸಿ ಎಂದು ಅದರ ಹೆಸರು, ಬಳಕೆಯಲ್ಲಿ ಜಿಸಿ-ಸಿ.

ಇಲ್ಲಿಂದ ಕತೆಗೆ ರುಚಿ ಬರುತ್ತದೆ. ಶತ್ರುವಿನ ವಿಷಕ್ಕೆ ಮಣೆ ಹಾಕಿ ಕೂರಿಸಲೆಂದು ನಮ್ಮ ಕರುಳು ಗ್ರಾಹಿಯೊಂದನ್ನು ಯಾಕೆ ಇಟ್ಟುಕೊಂಡಿರಬೇಕು? ಅದಕ್ಕೆ ಮನೆಯದೇ ಒಂದು ಹಾರ್ಮೋನು ಇರಲೇಬೇಕಲ್ಲ? ಸೇಂಟ್ ಲೂಯಿಯ ಮೊನ್ಸಾಂಟೊ ಕಂಪನಿಯಲ್ಲಿದ್ದ ಮಾರ್ಕ್ ಕರಿ ಇದರ ಹಿಂದೆ ಬಿದ್ದರು. ಇಲಿಯ ಕರುಳನ್ನು ಅರೆದು, ಸಾರ ತೆಗೆದು, ಶುದ್ಧ ಮಾಡುತ್ತಾ ಹೋಗಿ 1992ರಲ್ಲಿ 15 ಅಮೈನೊ ಆಮ್ಲಗಳ ಗ್ವಾನಿಲಿನ್ ಅನ್ನು ಹೊರತೆಗೆದರು. ಮರುವರ್ಷ ಒಪೋಸಮ್ ಎಂಬ ಅಮೆರಿಕದ ಪ್ರಾಣಿಯ ಮೂತ್ರದಲ್ಲಿ ಅದರ ಸೋದರ ಯೂರೊಗ್ವಾನಿಲಿನ್ ಸಿಕ್ಕಿತು. ನಮ್ಮ ಕರುಳು ದಿನನಿತ್ಯ ಹನಿಹನಿಯಾಗಿ ತಿರುಗಿಸುವ ನಲ್ಲಿಯನ್ನು ಬ್ಯಾಕ್ಟೀರಿಯಾ ಪೂರ್ತಿ ತಿರುವಿ ಕೈಬಿಡುತ್ತಿತ್ತು, ಅಷ್ಟೇ. ಹಾಗಾದರೆ ಅದೇ ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದರೆ, ಒಣಗಿ ಕಲ್ಲಾದ ಮಲಕ್ಕೆ ನೀರು ಸಿಗಬೇಡವೇ?

ಅದೇ ಹೊತ್ತಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿದ್ದ ಆಸ್ಟ್ರಾ ಸಂಶೋಧನಾ ಕೇಂದ್ರದಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಮತ್ತು ಸಂಗಡಿಗರು ಮನುಷ್ಯರ ದೊಡ್ಡ ಕರುಳಿನ ಟಿ84 ಎಂಬ ಕೋಶಗಳನ್ನು ಬೆಳೆಸಿಕೊಂಡು ಇದೇ ಗ್ರಾಹಿಯನ್ನು ಜಾಲಾಡುತ್ತಿದ್ದರು. ಮಾನವ ಗ್ರಾಹಿಯನ್ನು ಭಾಗಶಃ ಶುದ್ಧಗೊಳಿಸಿದ ಅವರ ಪ್ರಬಂಧ 1994ರಲ್ಲಿ ಬಂತು. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಸೇರಿದ ಸಂಧ್ಯಾ ದಶಕಗಳ ಕಾಲ ಜಿಸಿ-ಸಿಯ ಕೈಬಿಡಲಿಲ್ಲ. 

ಔಷಧ ಮಾಡಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೈಕ್ರೋಬಿಯಾ ಎಂಬ ಸಣ್ಣ ಕಂಪನಿ. 2008ರಲ್ಲಿ ಅದು ಐರನ್‌ವುಡ್ ಎಂದು ಹೆಸರು ಬದಲಿಸಿಕೊಂಡಿತು. ಗ್ವಾನಿಲಿನ್ ಕಂಡುಹಿಡಿದ ಮಾರ್ಕ್ ಕರಿಯೇ ಆಗ ಅಲ್ಲಿ ಸಂಶೋಧನೆಯ ಮುಂದಾಳಾಗಿದ್ದರು. ಅವರು ಹಾರ್ಮೋನನ್ನು ನಕಲು ಮಾಡಲಿಲ್ಲ. ಗ್ವಾನಿಲಿನ್ ಕ್ಷಾರದಲ್ಲಿ ಚುರುಕು, ಆಮ್ಲದಲ್ಲಿ ಮಂದ. ವಿಷಕ್ಕೆ ಆ ರಗಳೆಯಿಲ್ಲ. ಆದ್ದರಿಂದ ಮೂರು ಗಂಧಕದ ಬಂಧಗಳ ಸಮೇತ ವಿಷದ ಆಕಾರವನ್ನೇ ಅನುಸರಿಸಿ 14 ಅಮೈನೊ ಆಮ್ಲಗಳ ಲಿನಾಕ್ಲೋಟೈಡ್ ಕಟ್ಟಿದರು. ಅದು ರಕ್ತಕ್ಕೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಕರುಳಿನೊಳಗೇ ಕೆಲಸ ಮುಗಿಸಿ ಜೀರ್ಣವಾಗಿಬಿಡುತ್ತದೆ. ಪ್ರಮಾಣವೂ ಮೈಕ್ರೊಗ್ರಾಂ ಲೆಕ್ಕದಲ್ಲಿ: ದೀರ್ಘಕಾಲದ ಮಲಬದ್ಧತೆಗೆ ದಿನಕ್ಕೆ 145, ಕೆಲವರಿಗೆ 72.

ಫಲ ಹೇಗಿತ್ತು? 2011ರಲ್ಲಿ ಪ್ರಕಟವಾದ, 1,276 ರೋಗಿಗಳ ಎರಡು ಪರೀಕ್ಷೆಗಳಲ್ಲಿ ಗುರಿ ಕಟ್ಟುನಿಟ್ಟಾಗಿತ್ತು. 12 ವಾರಗಳಲ್ಲಿ ಕನಿಷ್ಠ 9 ವಾರ, ವಾರಕ್ಕೆ ಮೂರು ಸಲವಾದರೂ ತಾನಾಗಿಯೇ, ಪೂರ್ತಿ ಖಾಲಿಯಾದ ತೃಪ್ತಿಯೊಂದಿಗೆ ಹೊಟ್ಟೆ ಸಾಫಾಗಬೇಕು. ಮೊದಲಿಗಿಂತ ಒಂದು ಸಲವಾದರೂ ಹೆಚ್ಚಿರಬೇಕು. 145 ಮೈಕ್ರೊಗ್ರಾಂ ಪಡೆದವರಲ್ಲಿ ಒಂದು ಪರೀಕ್ಷೆಯಲ್ಲಿ ಶೇ 21.2, ಇನ್ನೊಂದರಲ್ಲಿ ಶೇ 16 ಮಂದಿ ಈ ಗುರಿ ಮುಟ್ಟಿದರು. ಸತ್ವವಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಶೇ 3.3 ಮತ್ತು ಶೇ 6. ವ್ಯತ್ಯಾಸ ದೊಡ್ಡದೇ. ಆದರೆ ಅಂಕಿಯನ್ನು ತಿರುಗಿಸಿ ಓದಿದರೆ, ಐವರಲ್ಲಿ ನಾಲ್ವರು ಆ ಗುರಿ ಮುಟ್ಟಲಿಲ್ಲ. ಹೊಸ ಮಾತ್ರೆ ಎಂದರೆ ರಾಮಬಾಣ ಎಂದುಕೊಳ್ಳುವ ನಮ್ಮ ಚಾಳಿಗೆ ಈ ಲೆಕ್ಕ ಕಣ್ಣಮುಂದಿರಲಿ.

2012 ಜಿಸಿ-ಸಿ ಎಂಬ ಈ ನಲ್ಲಿಯ ಪಾಲಿಗೆ ವಿಚಿತ್ರ ವರ್ಷ. ನಾರ್ವೆಯ ಒಂದೇ ಕುಟುಂಬದ 32 ಮಂದಿಗೆ ಎಳವೆಯಿಂದಲೂ ಭೇದಿ. ಕೆಲವರಿಗೆ ಕರುಳಿನ ಉರಿಯೂತ, ಕರುಳು ಕಟ್ಟಿಕೊಳ್ಳುವ ತೊಂದರೆ. ಬರ್ಗೆನ್‌ನ ವೈದ್ಯರು ಜೀನು ಜಾಲಾಡಿದಾಗ ಜಿಸಿ-ಸಿಯಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿತ್ತು: 840ನೇ ಜಾಗದಲ್ಲಿ ಸೆರೀನ್ ಇರಬೇಕಾದಲ್ಲಿ ಐಸೊಲ್ಯೂಸಿನ್. ಅದರಿಂದ ಆಗುವುದೇನು ಎಂಬ ಪ್ರಶ್ನೆಗೆ ಉತ್ತರದಲ್ಲಿ ಬೆಂಗಳೂರಿನ ಪಾಲೂ ಇತ್ತು. ಬದಲಾದ ಗ್ರಾಹಿಯನ್ನು ಕೋಶಗಳಲ್ಲಿ ಇಟ್ಟು ಪರೀಕ್ಷಿಸಿದಾಗ, ಹಾರ್ಮೋನು ತಾಕಿದರೆ ಸಾಕು, ಮಾಮೂಲಿಗಿಂತ ಬಹಳ ಹೆಚ್ಚು ಸೈಕ್ಲಿಕ್ ಜಿಎಂಪಿ ತಯಾರಾಗುತ್ತಿತ್ತು. ಪ್ರಬಂಧದ ಲೇಖಕರ ಸಾಲಿನಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಮತ್ತು ಅವರ ಪ್ರಯೋಗಾಲಯದವರ ಹೆಸರುಗಳಿವೆ. ಅದೇ ವರ್ಷ ಇಸ್ರೇಲಿನ ಬೆದೂಯಿನ್ ಕುಟುಂಬಗಳಲ್ಲಿ ಇದಕ್ಕೆ ತೀರಾ ಉಲ್ಟಾ ಕಂಡಿತು: ಗ್ರಾಹಿ ಕೆಲಸ ಮಾಡದ ಶಿಶುಗಳಿಗೆ ಹುಟ್ಟಿದಾಗಿನ ಮೊದಲ ಮಲವೇ ಕರುಳಲ್ಲಿ ಕಟ್ಟಿಕೊಂಡಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಲಿನಾಕ್ಲೋಟೈಡ್‌ಗೆ ಒಪ್ಪಿಗೆ ಕೊಟ್ಟರು.  

2021ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ನಾರ್ವೆ ಕುಟುಂಬದಂಥದೇ ಬದಲಾವಣೆಯಿರುವ ಇಲಿಗಳ ಬಗ್ಗೆ ಬರೆಯಿತು. ಅವುಗಳ ಕರುಳಿನ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿತ್ತು, ಉರಿಯೂತ ಬೇಗ ಹತ್ತುತ್ತಿತ್ತು. ಮಾತ್ರೆ ನುಂಗುವವರಿಗೂ ಹೀಗೇ ಆಗುತ್ತದೆಂದು ಇದರರ್ಥವಲ್ಲ. ಹುಟ್ಟಿನಿಂದ ಹಗಲೂ ರಾತ್ರಿ ತೆರೆದಿರುವುದೇ ಬೇರೆ, ದಿನಕ್ಕೊಮ್ಮೆ ತುಸು ತಿರುಗಿಸುವುದೇ ಬೇರೆ. ಆದರೂ ಪ್ರಮಾಣ ಎಂಬುದು ವೈದ್ಯರ ಚೀಟಿಯಲ್ಲಿ ಸುಮ್ಮನೆ ಬರೆದ ಅಂಕಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಬೆಂಗಳೂರಿನ ಕನಕಪುರ ರಸ್ತೆಗೆ ಬನ್ನಿ. ಸಾರಕ್ಕಿ ಸಿಗ್ನಲ್ ದಾಟಿ ಜರಗನಹಳ್ಳಿಯ ಯಾವ ಮೆಡಿಕಲ್ ಶಾಪಿನ ಮುಂದೆ ಸಂಜೆ ಹೊತ್ತು ನಿಂತರೂ ಈ ಮಾತು ಕಿವಿಗೆ ಬಿದ್ದೀತು:

“ಮೂರು ದಿನ ಆಯ್ತಪ್ಪ ಮೋಶನ್ ಆಗಿಲ್ಲ. ಸ್ವಲ್ಪ ಸ್ಟ್ರಾಂಗ್ ಆಗಿರೋದೇ ಕೊಡು.”

“ಚೀಟಿ ಇದ್ಯಾ ಅಂಕಲ್?”

“ಚೀಟಿ ಎಲ್ಲಿಂದ ತರ್ಲಿ? ಪಕ್ಕದ್ಮನೆಯವರು ತಗೊಳ್ತಾರಲ್ಲ, ಅದನ್ನೇ ಕೊಟ್ಬಿಡು.”

ಪಕ್ಕದ ಮನೆಯವರ ಮಾತ್ರೆ ಯಾವುದೆಂಬುದೇ ಇಲ್ಲಿನ ಪೇಚು. ನಮ್ಮ ಚೀಟಿಗಳಲ್ಲಿ ಹೆಚ್ಚಾಗಿ ಕಾಣುವುದು ಲ್ಯಾಕ್ಟುಲೋಸ್ ಸಿರಪ್, ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಅವು ಸಾಲದಿದ್ದರೆ ಲುಬಿಪ್ರೋಸ್ಟೋನ್, ಪ್ರುಕಲೋಪ್ರೈಡ್. ಲುಬಿಪ್ರೋಸ್ಟೋನ್ ಕೂಡ ಕ್ಲೋರೈಡ್ ಹೊರಬಿಡಿಸಿ ನೀರೆಳೆಯುವ ಮದ್ದೇ. ಆದರೆ ಅದನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಇಲ್ಲವಾದರೆ ವಾಕರಿಕೆ ಹೆಚ್ಚು. ಲಿನಾಕ್ಲೋಟೈಡ್ ಆದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮುಂಚೆ. ಜಿಡ್ಡಿನ ತಿಂಡಿಯ ಜೊತೆ ಹೋದರೆ ಭೇದಿ ಜೋರಾಗುತ್ತದೆ. ಪ್ರುಕಲೋಪ್ರೈಡ್‌ಗೆ ಊಟದ ಹಂಗಿಲ್ಲ, ಆದರೆ ಕಿಡ್ನಿ ತೀರಾ ಕುಂದಿದವರಿಗೆ ಪ್ರಮಾಣ ಅರ್ಧಕ್ಕಿಳಿಯಬೇಕು. ಒಂದೇ ಕಾಯಿಲೆ, ಮೂರು ಮಾತ್ರೆ, ಮೂರು ನಿಯಮ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದು ಯಾವುದಕ್ಕೂ ಸಲ್ಲದು.

ಹೊಸ ಮಾತ್ರೆಗಿಂತ ಮೊದಲು ಹಳೆ ಮಾತ್ರೆಗಳ ಡಬ್ಬಿಯನ್ನು ಡಾಕ್ಟರ ಮುಂದೆ ಸುರಿಯುವುದು ಜಾಣತನ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ವೆರಾಪಮಿಲ್‌ನಂಥ ಬಿಪಿ ಮಾತ್ರೆ, ನೋವಿಗೆ ಕೊಟ್ಟ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಅಮಿಟ್ರಿಪ್ಟಿಲೀನ್ ಇವೆಲ್ಲ ಹೊಟ್ಟೆ ಕಟ್ಟಿಸುತ್ತವೆ. ಥೈರಾಯ್ಡ್ ಕಮ್ಮಿಯಾದರೂ ಅಷ್ಟೇ. ಕಾರಣ ಅಲ್ಲಿದ್ದರೆ ಮದ್ದೂ ಅಲ್ಲೇ ಇರುತ್ತದೆ.

ಮಲಬದ್ಧತೆಯ ಮಾತ್ರೆಗಳನ್ನು ಅಂಗಡಿಯಿಂದ ನೇರವಾಗಿ ಕೊಳ್ಳಬಾರದು ಎಂದು ಹಟ ಹಿಡಿಯಲು ಇತಿಹಾಸವೂ ಕಾರಣ. ಕರುಳನ್ನು ಚುರುಕುಗೊಳಿಸುತ್ತಿದ್ದ ಸಿಸಪ್ರೈಡ್ ಹೃದಯದ ಲಯ ತಪ್ಪಿಸುತ್ತದೆಂದು 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಮಲಬದ್ಧತೆಗೆ ಕೊಡುತ್ತಿದ್ದ ಟೆಗಸೆರಾಡ್ 2007ರಲ್ಲಿ ಹೃದಯದ ಅಪಾಯದ ಕಾರಣಕ್ಕೇ ನಿಂತಿತು. ಭಾರತದಲ್ಲಿ ಎರಡಕ್ಕೂ ತಡೆ ಬಿದ್ದದ್ದು 2011ರಲ್ಲಿ. ಅಷ್ಟರವರೆಗೆ ಯಾರು ಯಾರು ಪಕ್ಕದ ಮನೆಯವರ ಮಾತು ಕೇಳಿ ನುಂಗಿದರೋ, ಲೆಕ್ಕ ಇಟ್ಟವರಿಲ್ಲ.

ಲಿನಾಕ್ಲೋಟೈಡ್‌ನಲ್ಲಿ ಭಯ ಹೃದಯದ್ದಲ್ಲ, ನೀರಿನದು. ಪರೀಕ್ಷೆಗಳಲ್ಲಿ ಹೆಚ್ಚು ಕಂಡ ತೊಂದರೆ ಭೇದಿಯೇ. ಎಳೆ ಇಲಿಮರಿಗಳು ನಿರ್ಜಲೀಕರಣದಿಂದ ಸತ್ತದ್ದರಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಕೂಡದು ಎಂಬ ಎಚ್ಚರಿಕೆ ಔಷಧದ ಮಾಹಿತಿಪತ್ರದಲ್ಲಿದೆ. 6ರಿಂದ 17 ವರ್ಷದವರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರಲ್ಲಷ್ಟೇ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತಿನ್ನುವ ಹಿರಿಯರಿಗೆ ಜೋರು ಭೇದಿಯಾದರೆ ಮಾತ್ರೆ ನಿಲ್ಲಿಸಿ, ಓಆರ್‌ಎಸ್ ಕುಡಿಸಿ, ಡಾಕ್ಟರಿಗೆ ಫೋನ್ ಮಾಡಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿದ ತೂಕ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದ ಇತಿಹಾಸ ಇವುಗಳಲ್ಲಿ ಒಂದಿದ್ದರೂ ಮೊದಲು ತಪಾಸಣೆ, ಆಮೇಲೆ ಮಾತ್ರೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದೆ ನೋವು ಬಂದರೆ ಕರುಳು ಕಟ್ಟಿಕೊಂಡಿರಬಹುದು. ಆಗ ಈ ಮಾತ್ರೆಗಳಲ್ಲಿ ಯಾವುದನ್ನೂ ಕೊಡದೆ ಆಟೊ ಹಿಡಿದು ಆಸ್ಪತ್ರೆಗೆ ಹೋಗಿ.