ಸಹಿ ಮಾತ್ರ ಸಾಲದು, ಕಾನೂನೂ ಬೇಕು

1988ರ ಮಾರ್ಚ್ 16ರಂದು ಇರಾಕ್‌ನ ಕುರ್ದಿಶ್ ಪಟ್ಟಣ ಹಲಬ್ಜಾದ ಮೇಲೆ ಸದ್ದಾಮ್ ಹುಸೇನ್‌ನ ವಿಮಾನಗಳು ವಿಷಾನಿಲದ ಬಾಂಬು ಸುರಿದವು. ಸುಮಾರು 5,000 ಮಂದಿ ಸತ್ತರು. ಮಕ್ಕಳನ್ನು ಅಪ್ಪಿಕೊಂಡೇ ತಾಯಂದಿರು ಬೀದಿಯಲ್ಲಿ ಬಿದ್ದಿದ್ದರು. ನಮ್ಮಲ್ಲಿ ಇದನ್ನು ನೆನೆಯುವುದು ಕಡಿಮೆ. ಕೊಂದವರೂ ಸತ್ತವರೂ ಮುಸ್ಲಿಮರೇ ಎಂಬ ಕಾರಣಕ್ಕೋ ಏನೋ.

ವಿಷಾನಿಲವನ್ನು ಯುದ್ಧದಲ್ಲಿ ಬಳಸಬಾರದೆಂಬ 1925ರ ಜಿನೀವಾ ಒಪ್ಪಂದಕ್ಕೆ ಇರಾಕ್ ಎಂದೋ ಸೇರಿತ್ತು. ಆದರೆ ತಯಾರಿಸಬಾರದು, ಕೂಡಿಡಬಾರದು ಎಂದು ಆ ಒಪ್ಪಂದ ಹೇಳಿರಲಿಲ್ಲ.

ಇರಾಕ್‌ಗೆ ಕಚ್ಚಾವಸ್ತು ಎಲ್ಲಿಂದ ಬಂತು? ಥಯೋಡೈಗ್ಲೈಕಾಲ್ ಎಂಬ ದ್ರವ ಪೆನ್ನಿನ ಶಾಯಿಗೂ ಬಟ್ಟೆಯ ಬಣ್ಣಕ್ಕೂ ಬೇಕು. ಅದರಿಂದಲೇ ಚರ್ಮ, ಕಣ್ಣು, ಶ್ವಾಸಕೋಶಗಳನ್ನು ಸುಡುವ ಮಸ್ಟರ್ಡ್ ಗ್ಯಾಸನ್ನೂ ಮಾಡಬಹುದು. ಫ್ರಾನ್ಸ್ ವಾನ್ ಆನ್ರಾಟ್ ಎಂಬ ಡಚ್ ವ್ಯಾಪಾರಿ ಇದನ್ನು ಸಾವಿರ ಟನ್‌ಗೂ ಹೆಚ್ಚು ಇರಾಕ್‌ಗೆ ಮಾರಿದ್ದ. ಅವನಿಗೆ ಹೇಗ್ ನಗರದ ನ್ಯಾಯಾಲಯ 15 ವರ್ಷ ಜೈಲು ವಿಧಿಸಿದ್ದು 2005ರಲ್ಲಿ, ಅಂದರೆ ಹಲಬ್ಜಾ ನಡೆದು 17 ವರ್ಷಗಳ ಮೇಲೆ. ಅದೂ ಯುದ್ಧಾಪರಾಧಕ್ಕೆ ನೆರವಾದ ಆರೋಪದಡಿ. ಸರಕು ಯಾವುದಕ್ಕೆ ಹೋಗುತ್ತಿದೆಯೆಂಬುದು ಅವನಿಗೆ ಗೊತ್ತಿತ್ತು ಎಂದು ಸಾಬೀತುಪಡಿಸಬೇಕಾಯಿತು.

1993ರ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ ಹೆಚ್ಚು ಬಿಗಿ. ತಯಾರಿ, ಸಂಗ್ರಹ, ಬಳಕೆ ಎಲ್ಲವೂ ನಿಷಿದ್ಧ. ಅದರ 7ನೇ ವಿಧಿಯಂತೆ ಪ್ರತಿ ರಾಷ್ಟ್ರವೂ ತನ್ನಲ್ಲಿ ಇವನ್ನು ಅಪರಾಧವೆಂದು ಸಾರುವ ಕಾನೂನು ಮಾಡಲೇಬೇಕು. ಏಕೆಂದರೆ ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ಸಂಸ್ಥೆ ಕಾರ್ಖಾನೆಯನ್ನು ತಪಾಸಣೆ ಮಾಡಬಲ್ಲದು, ಆದರೆ ವ್ಯಾಪಾರಿಯೊಬ್ಬನ ಕೈಗೆ ಕೋಳ ತೊಡಿಸಲಾರದು. ಅದು ಆಯಾ ದೇಶದ ಪೊಲೀಸರ, ನ್ಯಾಯಾಲಯಗಳ ಕೆಲಸ.

ಭಾರತ ಈ ಕಾನೂನನ್ನು 2000ದಲ್ಲಿ ಮಾಡಿತು. ತನ್ನ ಬಳಿಯಿದ್ದ ದಾಸ್ತಾನನ್ನು 2009ರೊಳಗೆ ನಾಶಪಡಿಸಿತು. ಗಲ್ಫ್‌ನಲ್ಲಿ ದುಡಿಯುವ, ವ್ಯಾಪಾರ ಮಾಡುವ ನಮ್ಮವರಿಗೆ ಗೊತ್ತಿರಬೇಕಾದ ಸಂಗತಿ: ಈ ಕಾಯ್ದೆ ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ, ಭಾರತೀಯ ಕಂಪನಿಗಳ ಅಲ್ಲಿನ ಶಾಖೆಗಳಿಗೂ ಅನ್ವಯಿಸುತ್ತದೆ.

ರೋಗಾಣುಗಳ ಅಸ್ತ್ರದ ವಿಷಯದಲ್ಲಿ ಸ್ಥಿತಿ ಇನ್ನೂ ದುರ್ಬಲ. 1972ರ ಜೈವಿಕ ಅಸ್ತ್ರ ಒಪ್ಪಂದಕ್ಕೆ ಹೇಗ್‌ನಲ್ಲಿರುವಂಥ ತಪಾಸಣಾ ಸಂಸ್ಥೆಯೇ ಇಲ್ಲ. ಅಲ್ಲಿ ಉಳಿದಿರುವ ಮುಖ್ಯ ಕಾವಲು ಆಯಾ ದೇಶದ ಕಾನೂನು. ನಮ್ಮ ದೇಶದಲ್ಲಿ ಅದಕ್ಕಾಗಿ 2005ರ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆಯಿದೆ.