ಪಂಚಾಯಿತಿ ಖರೀದಿ: ಮಿತವ್ಯಯವೂ ಸ್ಥಳೀಯ ದುಡಿಮೆಗೆ ಬೆಂಬಲವೂ



ಸಾಮಾನ್ಯ ಸಭೆಯಲ್ಲಿ ಖರೀದಿಯ ವಿಷಯ ಬಂದಾಗ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಸಾರ್ವಜನಿಕರ ಹಣ, ಆದುದರಿಂದ ಕಡಿಮೆ ದರಕ್ಕೆ ಕೊಡುವವರಿಂದಲೇ ಕೊಳ್ಳಬೇಕು ಎಂಬುದು ಒಂದು. ನಮ್ಮ ತಾಲ್ಲೂಕಿನ ಅಂಗಡಿಯವರಿಗೂ ಕುಶಲಕರ್ಮಿಗಳಿಗೂ ಕೆಲಸ ದೊರೆಯಬೇಕು ಎಂಬುದು ಇನ್ನೊಂದು. ಎರಡೂ ನ್ಯಾಯಸಮ್ಮತವಾದವು. ನಿಯಮದ ಒಳಗಿದ್ದುಕೊಂಡೇ ಎರಡನ್ನೂ ಈಡೇರಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರಾಗಿ ಮತ್ತು ಹಾಲಿನ ನಿದರ್ಶನ

ಸರ್ಕಾರದ ವೆಚ್ಚವು ಸ್ಥಳೀಯ ದುಡಿಮೆಗೆ ನೆರವಾಗುವ ರೀತಿಯನ್ನು ನಮ್ಮ ಜಿಲ್ಲೆಯಲ್ಲಿಯೇ ಕಾಣಬಹುದು. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಮಳೆಯಾಶ್ರಿತ ಭೂಮಿಯಲ್ಲಿ ರಾಗಿ ಮುಖ್ಯ ಬೆಳೆ. ಕನಿಷ್ಠ ಬೆಂಬಲ ಬೆಲೆ ಯೋಜನೆಯಡಿ ರಾಗಿಯ ದರವು ಕ್ವಿಂಟಲಿಗೆ 2024-25ರಲ್ಲಿ 4,290 ರೂ. ಇದ್ದು, 2025-26ಕ್ಕೆ 4,886 ರೂ. ಎಂದು ನಿಗದಿಯಾಯಿತು. ಖರೀದಿ ಕೇಂದ್ರಗಳಲ್ಲಿ ಕೊಂಡ ರಾಗಿಯನ್ನು ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ನ್ಯಾಯಬೆಲೆ ಅಂಗಡಿಗಳ ಮೂಲಕ ವಿತರಿಸಲಾಗುತ್ತದೆ. ಬೆಳೆದವನಿಗೆ ಬೆಲೆಯೂ, ಪಡಿತರ ಚೀಟಿದಾರರಿಗೆ ರೂಢಿಯ ಆಹಾರವೂ ಒಂದೇ ವೆಚ್ಚದಿಂದ ದೊರೆಯುತ್ತವೆ.

ಹಾಲಿನ ವಿಷಯವೂ ಇಂತಹುದೇ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ ನೀಡುವ ಹಾಲಿನ ಪುಡಿಯು ಸಹಕಾರಿ ಹಾಲು ಒಕ್ಕೂಟಗಳ ವ್ಯವಸ್ಥೆಯಿಂದ ಬರುತ್ತದೆ. ಆ ವ್ಯವಸ್ಥೆಯ ಮೊದಲ ಕೊಂಡಿ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ.

ಈ ಬಗೆಯ ವೆಚ್ಚದ ಫಲ ದೊರೆಯಲು ತಳಮಟ್ಟದ ಕೆಲಸವೂ ಅಗತ್ಯ. ಫ್ರೂಟ್ಸ್ ಗುರುತಿನ ಸಂಖ್ಯೆ ಇಲ್ಲದ ರೈತರು ರಾಗಿ ಖರೀದಿಗೆ ನೋಂದಾಯಿಸಲು ಆಗದೆ, ವರ್ತಕರು ಹೇಳಿದ ಬೆಲೆಗೆ ಮಾರಬೇಕಾಗುತ್ತದೆ. ಆದ್ದರಿಂದ ಸದಸ್ಯರು ಕೊಯ್ಲಿಗೆ ಮೊದಲೇ ತಮ್ಮ ವಾರ್ಡಿನ ರೈತರ ನೋಂದಣಿಯನ್ನು ವಿಚಾರಿಸಿ, ಇಲ್ಲದವರನ್ನು ರೈತ ಸಂಪರ್ಕ ಕೇಂದ್ರಕ್ಕೆ ಕಳುಹಿಸುವುದು ಉಚಿತ.

ನಿಯಮದ ಮೇರೆ

ಪಂಚಾಯಿತಿಯ ಸ್ವಂತ ಖರೀದಿಗೆ ಬಂದರೆ, ಅದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರುತ್ತದೆ. ನಮ್ಮ ಊರಿನವರು ಎಂಬ ಒಂದೇ ಕಾರಣಕ್ಕೆ ಸ್ಪರ್ಧೆಯಿಲ್ಲದೆ ಆದೇಶ ನೀಡುವಂತಿಲ್ಲ. ಟೆಂಡರ್ ತಪ್ಪಿಸುವ ಸಲುವಾಗಿ ಒಂದೇ ಖರೀದಿಯನ್ನು ತುಂಡು ತುಂಡಾಗಿ ವಿಭಜಿಸುವಂತಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 12ನೇ ಪ್ರಕರಣದ ಪ್ರಕಾರ, ತಮ್ಮ ಪಂಚಾಯಿತಿಯ ಕಾಮಗಾರಿ ಅಥವಾ ಗುತ್ತಿಗೆಯಲ್ಲಿ ನೇರವಾಗಿ ಇಲ್ಲವೇ ಪರೋಕ್ಷವಾಗಿ ಪಾಲು ಹೊಂದಿದ ಸದಸ್ಯರು ಅನರ್ಹತೆಗೆ ಗುರಿಯಾಗುತ್ತಾರೆ. ಬಂಧುಗಳ ಹೆಸರಿನಲ್ಲಿ ನಡೆಯುವ ವ್ಯವಹಾರವನ್ನು ಸ್ಥಳೀಯರಿಗೆ ಬೆಂಬಲ ಎಂದು ಕರೆಯಲಾಗದು.

ಊರನ್ನಲ್ಲ, ಅಗತ್ಯವನ್ನು ಬರೆಯಿರಿ

ಹಾಗಾದರೆ ಸದಸ್ಯರು ಏನು ಮಾಡಬಹುದು? ದರಪಟ್ಟಿ ಕರೆಯುವ ಮುನ್ನ ನಿರ್ದಿಷ್ಟತೆಗಳನ್ನು ಸರಿಯಾಗಿ ಬರೆಯಿಸಬಹುದು. ಉದಾಹರಣೆಗಾಗಿ ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ಬೇಸಿಗೆಯಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟಿದೆ. ದೂರದ ನಗರದ ಒಬ್ಬರು 18,000 ರೂ.ಗೆ ದುರಸ್ತಿ ಮಾಡುತ್ತಾರೆ, ಆದರೆ 8 ದಿನ ಬೇಕು. ಗುಬ್ಬಿಯಲ್ಲಿರುವ ಒಬ್ಬರು 21,000 ರೂ. ಕೇಳುತ್ತಾರೆ, 2 ದಿನದಲ್ಲಿ ಮುಗಿಸುತ್ತಾರೆ. ಅಲ್ಲಿಯವರೆಗೆ ದಿನಕ್ಕೆ 4 ಟ್ಯಾಂಕರ್ ನೀರು, ಟ್ಯಾಂಕರಿಗೆ 800 ರೂ. ಎಂದುಕೊಂಡರೆ, ಮೊದಲನೆಯದರಲ್ಲಿ ಟ್ಯಾಂಕರಿಗೇ 25,600 ರೂ. ಸೇರಿ ಒಟ್ಟು 43,600 ರೂ. ಆಗುತ್ತದೆ. ಎರಡನೆಯದರಲ್ಲಿ 6,400 ರೂ. ಸೇರಿ ಒಟ್ಟು 27,400 ರೂ. ಕಡಿಮೆ ದರವೆಂದು ಒಪ್ಪಿದ್ದರಿಂದ ಪಂಚಾಯಿತಿಗೆ 16,200 ರೂ. ಹೆಚ್ಚು ವೆಚ್ಚವಾಯಿತು, ಜನರು ಆರು ದಿನ ಹೆಚ್ಚಾಗಿ ಬಿಂದಿಗೆ ಹಿಡಿದು ಕಾದರು.

ದರಪಟ್ಟಿಗಳನ್ನು ತೆರೆದ ಮೇಲೆ ಈ ಕಾರಣವನ್ನು ಹೇಳಿ ಹೆಚ್ಚಿನ ದರದವರನ್ನು ಆಯ್ಕೆಮಾಡಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ. ಆದರೆ ‘ದೂರು ನೀಡಿದ 48 ಗಂಟೆಗಳೊಳಗೆ ದುರಸ್ತಿ ಪೂರ್ಣಗೊಳಿಸತಕ್ಕದ್ದು, ತಪ್ಪಿದಲ್ಲಿ ದಿನಕ್ಕೆ ಇಷ್ಟು ದಂಡ’ ಎಂಬ ಷರತ್ತನ್ನು ಮೊದಲೇ ಎಲ್ಲರಿಗೂ ಸಮಾನವಾಗಿ ವಿಧಿಸಿದ್ದರೆ ಆ ತೊಡಕು ಇಲ್ಲ. ಷರತ್ತಿನಲ್ಲಿ ಯಾವ ಊರಿನ ಹೆಸರೂ ಇರುವುದಿಲ್ಲ. ಆ ವೇಗದಲ್ಲಿ ಬರಬಲ್ಲವರು ಬೆಂಗಳೂರಿನವರಾದರೂ ಸ್ಪರ್ಧಿಸಬಹುದು. ಹತ್ತಿರದಲ್ಲಿ ಇರುವವರಿಗೆ ಅದು ಸಹಜವಾಗಿಯೇ ಸುಲಭ. ಬೀದಿದೀಪದ ನಿರ್ವಹಣೆ, ಕೊಳಾಯಿ ಮಾರ್ಗದ ದುರಸ್ತಿ, ಶುದ್ಧ ಕುಡಿಯುವ ನೀರಿನ ಘಟಕಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಕಾಲಕ್ಕೆ ಸರಿಯಾದ ಪಾವತಿ

ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿದರೆ ಮೊದಲು ಹಿಂದೆ ಸರಿಯುವವರು ಸಣ್ಣ ಬಂಡವಾಳದವರು. ಉಳಿದವರು ವಿಳಂಬದ ಬಡ್ಡಿಯನ್ನೂ ಸೇರಿಸಿ ಮುಂದಿನ ಬಾರಿ ದರ ನಮೂದಿಸುತ್ತಾರೆ. ಸ್ಪರ್ಧೆ ಕುಗ್ಗುತ್ತದೆ, ಬೆಲೆ ಏರುತ್ತದೆ. ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ, ಸರಕು ಅಥವಾ ಸೇವೆಯನ್ನು ಅಂಗೀಕರಿಸಿದ ದಿನದಿಂದ 45 ದಿನಗಳನ್ನು ಮೀರದಂತೆ ಹಣ ಪಾವತಿಸತಕ್ಕದ್ದು. ತಪ್ಪಿದರೆ ಬಡ್ಡಿ ತೆರಬೇಕಾಗುತ್ತದೆ. ಅನುದಾನ ಲಭ್ಯವಿದೆಯೇ ಎಂದು ನೋಡಿ ಆದೇಶ ನೀಡುವುದು, ಸರಕು ಬಂದ ದಿನವೇ ದಾಸ್ತಾನು ವಹಿಯಲ್ಲಿ ನಮೂದಿಸುವುದು, ಕಾಮಗಾರಿಯ ಅಳತೆಯನ್ನು ತಡಮಾಡದೆ ದಾಖಲಿಸುವುದು ಇವುಗಳಿಂದಲೇ ಹೆಚ್ಚಿನ ವಿಳಂಬ ತಪ್ಪುತ್ತದೆ.

ಸ್ವಚ್ಛ ವಾಹಿನಿ ವಾಹನಗಳ ಮೂಲಕ ಕಸ ಸಂಗ್ರಹಿಸುವ ಕೆಲಸವನ್ನು ಸಂಜೀವಿನಿ ಒಕ್ಕೂಟದ ಮಹಿಳೆಯರಿಗೆ ಒಡಂಬಡಿಕೆಯ ಮೇಲೆ ವಹಿಸಿರುವ ಪಂಚಾಯಿತಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಅವರಿಗೆ ಸಲ್ಲುವ ಹಣ ಹಳ್ಳಿಯ ದಿನಸಿ ಅಂಗಡಿಗೆ, ಮಕ್ಕಳ ಶಾಲೆಗೆ, ಸಂಘದ ಸಾಲದ ಕಂತಿಗೆ ಹೋಗುತ್ತದೆ. ಪಾವತಿ ನಿಂತರೆ ವಾಹನವೂ ನಿಲ್ಲುತ್ತದೆ, ಕಂತೂ ತಪ್ಪುತ್ತದೆ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಖರೀದಿಗೆ ಅನುಮೋದನೆ ನೀಡುವ ಮುನ್ನ ಪ್ರತಿಯೊಬ್ಬ ಸದಸ್ಯರೂ ಈ ಕೆಳಗಿನವುಗಳನ್ನು ಕೇಳಿ, ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು ಒಳಿತು.

1. ಈ ಖರೀದಿ ಕ್ರಿಯಾ ಯೋಜನೆಯಲ್ಲಿ ಇದೆಯೇ, ಹಣ ಲಭ್ಯವಿದೆಯೇ?
2. ದರಪಟ್ಟಿ ಅಥವಾ ಟೆಂಡರಿನ ಮಾಹಿತಿ ತಾಲ್ಲೂಕಿನ ಅರ್ಹ ಸರಬರಾಜುದಾರರಿಗೆ ತಲುಪಿದೆಯೇ? ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸಲಾಗಿದೆಯೇ?
3. ನಿರ್ವಹಣೆಯ ವೆಚ್ಚ, ಖಾತರಿ ಅವಧಿ, ದುರಸ್ತಿಯ ಕಾಲಮಿತಿ ಷರತ್ತುಗಳಲ್ಲಿ ಸೇರಿವೆಯೇ?
4. ಹಿಂದಿನ ಬಿಲ್ಲುಗಳಲ್ಲಿ ಎಷ್ಟು ಬಾಕಿ ಇದೆ, ಏಕೆ?

ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರವರೆಗೆ ನಡೆಯುವ ಜಮಾಬಂದಿಯಲ್ಲಿ ಹಿಂದಿನ ಸಾಲಿನ ಆದಾಯ, ವೆಚ್ಚ ಮತ್ತು ಕಾಮಗಾರಿಗಳನ್ನು ಗ್ರಾಮಸ್ಥರ ಮುಂದೆ ಪರಿಶೀಲಿಸಲಾಗುತ್ತದೆ. ಮೇಲಿನ ಪ್ರಶ್ನೆಗಳಿಗೆ ಉತ್ತರ ದಾಖಲಾಗಿದ್ದರೆ, ಏಕೆ ಕೊಂಡಿರಿ, ಯಾರಿಂದ ಕೊಂಡಿರಿ, ಎಷ್ಟು ಕೊಟ್ಟಿರಿ ಎಂದು ಗ್ರಾಮಸ್ಥರು ಕೇಳಿದಾಗ ಸದಸ್ಯರು ನಡವಳಿ ಪುಸ್ತಕವನ್ನು ತೆರೆದು ತೋರಿಸಬಹುದು.